ಉದ್ದೇಶಪತ್ರ

ಹೋದ ವರ್ಷ ಅರ್ಧ ಅಂಕಕ್ಕೆ ತಪ್ಪಿತ್ತು.
ಪರೀಕ್ಷಕರು ಬರೆದದ್ದು ಒಂದೇ ಸಾಲು, ಬಹಳ ಸಭ್ಯವಾಗಿ:
'ವಿಶ್ವವಿದ್ಯಾಲಯದ ಹೊರಗಿನವರಿಂದ ತರಬೇತಿ
ಸಾಕಷ್ಟು ವಿವರಿಸಿಲ್ಲ.'

ಈ ಸಲ ಹೊರಗಿನವರನ್ನು ಹುಡುಕುತ್ತ ಕೂತಿದ್ದೇವೆ,
ತಾಳಗಾಂವದ ಮೂರನೇ ಮಹಡಿಯಲ್ಲಿ,
ಪ್ರಭುದೇಸಾಯಿ ಮೇಡಮ್ಮು, ನಾನು,
ಪರದೆಯೊಳಗೆ ಆವೇರುವಿನ ಟೆರೇಜಾ, ಘೆಂಟಿನ ಯೋರಿಸ್.
ಮೂರು ದೇಶ, ಹತ್ತು ಪಿಎಚ್‌ಡಿ,
ಇನ್ನೂ ಹೆಸರಿಲ್ಲದ ಹತ್ತು ಮಂದಿ:
ಡಿಸಿ-ಒಂದು, ಡಿಸಿ-ಎರಡು, ಹೀಗೆ.
ಡಿಸಿ-ನಾಲ್ಕು ಹದಿನಾಲ್ಕನೇ ತಿಂಗಳಿಗೆ ಘೆಂಟಿಗೆ ಹೋಗಬೇಕು.
ಆಗ ಅಲ್ಲಿ ಜನವರಿ. ಸ್ವೆಟರಿಗೆ ಬಜೆಟ್ಟಿಲ್ಲ.
ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು
ಅತ್ತೆ ಹಂಗಿಸುತ್ತಿದ್ದಳು;
ಇಲ್ಲಿ ಕುಲಾವಿಯನ್ನೂ ಕೂಸೇ ಕೊಳ್ಳಬೇಕು.

ವಿಷಯ: ಖಾಜನ್ ಗದ್ದೆಯ ಉಪ್ಪು.
ಕುಮಟೆ ಕಡೆ ನಾವು ಗಜನಿ ಎನ್ನುವುದು ಇದಕ್ಕೇ.
ಕಟ್ಟೆಯಾಚೆ ಹೊಳೆ, ಈಚೆ ಭತ್ತ,
ನಡುವೆ ಒಂದು ಮರದ ಬಾಗಿಲು,
ಭರತಕ್ಕೆ ತಾನೇ ಮುಚ್ಚಿ
ಇಳಿತಕ್ಕೆ ತಾನೇ ತೆರೆದುಕೊಳ್ಳುವಂಥದು.
ಅರ್ಜಿಯಲ್ಲಿ ಅದರ ಹೆಸರು 'ಪ್ರಕೃತಿ ಆಧಾರಿತ ಪರಿಹಾರ'.
ಎರಡು ಸಾವಿರ ಅಕ್ಷರ. ಖಾಲಿ ಜಾಗವೂ ಲೆಕ್ಕಕ್ಕೆ.

ಹೊರಗಿನವರು ಅಂದರೆ ಕಾಯ್ತಾನ್ ಆಗಬಾರದೇ ಎಂದೆ.
ಎಂಟು ವರ್ಷ ನಮ್ಮ ಕೆಸರಿನ ಕೊಳವೆಗಳನ್ನು ಹೊತ್ತದ್ದು ಅವನ ದೋಣಿ.
ಟೆರೇಜಾ ಕೇಳಿದಳು, 'ಅದೊಂದು ಸಂಸ್ಥೆಯೇ?'
ಮೇಡಮ್ಮು ಕನ್ನಡಕ ಒರೆಸಿಕೊಂಡರು:
'ಹೌದು. ಚಿಕ್ಕದು.'

ಹಾಗಾದರೆ ಉದ್ದೇಶಪತ್ರ ಬೇಕು, ಸಹಿ ಬೇಕು, ಮೊಹರು ಬೇಕು.
ರಾಯಬಂದರದಲ್ಲಿ ಫೆರಿ ಹತ್ತಿ ಚೋಡಣಕ್ಕೆ ಹೋದೆ.
ಅವನು ಎಂಜಿನ್ ಬಿಚ್ಚಿ ಗೋಣಿಯ ಮೇಲೆ ಹರವಿದ್ದ.
'ಏನು ಕಲಿಸ್ತೀ ಅಂತ ಬರೀಲಿ?'
'ಆ ಚಶ್ಮದ ಹುಡುಗ ಲಂಗರು ಎಸೆದನಲ್ಲ, ಬಾಯೇ,
ಹಗ್ಗ ದೋಣಿಗೆ ಕಟ್ಟದೇನೇ.
ಅದನ್ನ ಕಲಿಸ್ತೇನೆ ಅಂತ ಬರಿ.'
ಬರೆದೆ: ಕ್ಷೇತ್ರಕಾರ್ಯದ ಸುರಕ್ಷತೆ, ಹದಿನಾರು ತಾಸು.
'ಮತ್ತೆ?'
'ಬಾಗಿಲ ಹಲಗೆಗೆ ಚಿಪ್ಪು ಎಷ್ಟೆತ್ತರಕ್ಕೆ ಕಚ್ಚಿದೆ ನೋಡಿ
ಆ ವರ್ಷದ ನೀರು ಎಂಥದು ಹೇಳೋದು.
ಅಪ್ಪ ತೋರಿಸಿದ್ದ, ಒಂದೇ ಮಧ್ಯಾಹ್ನ.
ಯಾಕೆ ಹಾಗೆ ಅಂತ ಹೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ.
ನಿಮ್ಮ ಹುಡುಗರಿಗೆ ತಿಳಿದರೆ ನನಗೂ ಒಂದು ಮಾತು ಹೇಳಲಿ.'

ಮೀನುಗಾರರ ಸೊಸೈಟಿಯ ಮೊಹರು ಬೀಗರ ಮನೆಯಲ್ಲಿ ಸಿಕ್ಕಿತು.
ಪ್ಯಾಡಿನ ಶಾಯಿ ಒಣಗಿತ್ತು.
ಎರಡು ಹನಿ ಫೆನಿ ಬಿಟ್ಟು ತಿಕ್ಕಿ
ಒತ್ತಿದ, ತಲೆಕೆಳಗಾಗಿ.

ಬ್ರಸೆಲ್ಸಿನ ಐದು ಗಂಟೆ ಅಂದರೆ ನಮಗೆ ರಾತ್ರಿ ಒಂಬತ್ತೂವರೆ.
ಒಂಬತ್ತು ಹತ್ತಕ್ಕೆ ಕರೆಂಟು ಹೋಯಿತು.
ಮೇಡಮ್ಮಿನ ಫೋನಿನ ನೆಟ್ಟು,
ಲ್ಯಾಪ್‌ಟಾಪಿನಲ್ಲಿ ಶೇಕಡ ಹನ್ನೊಂದು,
ಮೂವತ್ತು ಪುಟದ ಮಿತಿಗೆ ಮೂವತ್ತೊಂದನೆಯ ಪುಟದಲ್ಲಿ ಒಂದೇ ಸಾಲು ಜೋತಾಡುತ್ತಿತ್ತು.
ಅಪಾಯಗಳ ಪಟ್ಟಿಯಿಂದ ಒಂದನ್ನು ಕಿತ್ತೆ:
'ವಿದ್ಯಾರ್ಥಿ ನಡುವೆ ಬಿಡುವ ಸಂಭವ: ಕಡಿಮೆ.'
ಅದನ್ನು ಟೈಪು ಮಾಡಿಸುವಾಗ
ಮೇಡಮ್ಮು ಕಿಟಕಿಯ ಕಡೆ ತಿರುಗಿದ್ದರು.
ಹನ್ನೊಂದು ವರ್ಷದ ಹಿಂದೆ, ಇದೇ ಕೋಣೆ.
ಹದಿನಾಲ್ಕು ತಿಂಗಳು ಫೆಲೋಶಿಪ್ಪು ಬರಲಿಲ್ಲ,
ಬಾಡಿಗೆ ತಿಂಗಳು ತಿಂಗಳೂ ಬಂತು.
ನಾಲ್ಕನೇ ಅಧ್ಯಾಯ ಈಗಲೂ ನನ್ನ ಹತ್ತಿರ ಇದೆ,
'ಕೊನೆಯದು_೩' ಎಂಬ ಹೆಸರಲ್ಲಿ.

ಒಂಬತ್ತು ಇಪ್ಪತ್ತಾರಕ್ಕೆ ಹೋಯಿತು.
ಒಂದು ಉದ್ದ ಸಂಖ್ಯೆ ಬಂತು, ಹಸಿರು ಅಕ್ಷರದಲ್ಲಿ.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಮೇಡಮ್ಮು ಚೀಲದಿಂದ ಅರ್ಧ ಬಾಳೆಹಣ್ಣು ತೆಗೆದು ನನಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಏಳಕ್ಕೇ ಕಾಯ್ತಾನನ ಫೋನು:
'ದುಡ್ಡು ಬಂತಾ?'
'ಐದು ತಿಂಗಳಾಗತ್ತೆ. ಬಂದರೆ.'
ಆಚೆ ಕಡೆ ಎಂಜಿನ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.
'ಸರಿ. ಆದರೆ ಆ ಲಂಗರು
ಅದು ಯಾವ ಲೆಕ್ಕದಲ್ಲಿ?'